ಟೈರಿಗೂ ಹಲ್ಲುಂಟು

ನಾನು ಕಾರು ಕೊಂಡೆನೆಂದರೆ ನನ್ನ ಮಿತ್ರರಾರೂ ಮೊದಲು ನಂಬಲಿಲ್ಲ. ನಂಬಿದ ಮೇಲೆ ಯಾರೂ ಮೆಚ್ಚಲಿಲ್ಲ. ಮೂವತ್ತು ವರ್ಷ ದೊಡ್ಡಬಳ್ಳಾಪುರದ ಬೀದಿಗಳಲ್ಲಿ ಸೈಕಲ್ಲು ತುಳಿದುಕೊಂಡು ಹೋಗಿ ಹುಡುಗರಿಗೆ ಸಂಧಿ ಸಮಾಸಗಳನ್ನು ಹೇಳಿಕೊಟ್ಟವನಿಗೆ ಅರವತ್ತೇಳನೆಯ ವಯಸ್ಸಿನಲ್ಲಿ ಈ ಹುಚ್ಚೇಕೆ ಎಂದು ಅವರ ಪ್ರಶ್ನೆ. ಕಾರೆಂದರೆ ಬೆಳ್ಳಿಯ ಬಣ್ಣದ ಭಾರೀ ವಾಹನವೇನೂ ಅಲ್ಲ. 2009ರ ಒಂದು ಮಾರುತಿ 800. ಹದಿನೈದು ವರ್ಷ ತುಂಬಿ, ಎಫ್.ಸಿ. ಆಗಿ, ಸರಕಾರದಿಂದ ಇನ್ನೈದು ವರ್ಷದ ಆಯುಷ್ಯ ಪಡೆದಿದ್ದ ಗಾಡಿ. ಬ್ಯಾಂಕಿನಲ್ಲಿದ್ದ ನನ್ನ ಸ್ನೇಹಿತರೊಬ್ಬರದು. ಮನೆಯಿಂದ ದೇವಸ್ಥಾನಕ್ಕೆ, ದೇವಸ್ಥಾನದಿಂದ ಮನೆಗೆ ಓಡಿದ್ದೇ ಅದರ ಲೋಕಯಾತ್ರೆ. ಅವರು ಮಗನ ಮನೆಗೆಂದು ಪರದೇಶಕ್ಕೆ ಹೊರಟಾಗ, "ಮೇಷ್ಟ್ರೇ, ಇದನ್ನು ಗುಜರಿಗೆ ಹಾಕಲು ಮನಸ್ಸು ಬರುವುದಿಲ್ಲ, ನೀವೇ ಇಟ್ಟುಕೊಳ್ಳಿ" ಎಂದು ಐವತ್ತೈದು ಸಾವಿರಕ್ಕೆ ಕೊಟ್ಟರು. ನಿವೃತ್ತಿಯಾದ ವರ್ಷ ಹೊತ್ತು ಹೋಗದೆ ಡ್ರೈವಿಂಗ್ ಕಲಿತದ್ದು ಹೀಗೆ ಪ್ರಯೋಜನಕ್ಕೆ ಬಂತು.

ಆದರೆ ನಾನು ಕಾರು ಕೊಂಡದ್ದು ಹುಚ್ಚಿಗಲ್ಲ, ಅಕ್ಕನ ಕಣ್ಣಿಗೆ. ನನ್ನ ಅಕ್ಕನಿಗೆ ಈಗ ಎಪ್ಪತ್ತೊಂಬತ್ತು. ಕಣ್ಣಿನ ಹಿಂಭಾಗದ ಪರದೆ ನಡುವಿನಲ್ಲಿ ಸವೆಯುವ ಕಾಯಿಲೆ ಅವಳಿಗೆ. ಎದುರಿಗೆ ನಿಂತವರ ಮುಖ ಮಸುಕು. ಪಕ್ಕದಲ್ಲಿ ಹಾದವರ ಸೀರೆಯ ಅಂಚು ಮಾತ್ರ ಕಾಣುತ್ತದೆ. ತಿಂಗಳಿಗೊಮ್ಮೆ ಬೆಂಗಳೂರಿಗೆ ಕರೆದುಕೊಂಡು ಹೋಗಿ ಕಣ್ಣಿನೊಳಕ್ಕೇ ಸೂಜಿಮದ್ದು ಹಾಕಿಸಬೇಕು. ಹಾಕಿಸಿದರೆ ಇದ್ದಷ್ಟು ಉಳಿದೀತು, ತಪ್ಪಿಸಿದರೆ ಅದೂ ಹೋದೀತು ಎಂದರು ವೈದ್ಯರು. ಬಸ್ಸಿನಲ್ಲಿ ಹೋಗಿ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ಧೂಳಿನಲ್ಲಿ ನಿಂತು ಇನ್ನೊಂದು ಬಸ್ಸು ಹಿಡಿದು ಬರುವುದು ಆ ವಯಸ್ಸಿನವಳಿಗೆ ಆಗದ ಮಾತು. ಬಾಡಿಗೆ ಕಾರಿಗೆ ತಿಂಗಳು ತಿಂಗಳೂ ತೆರುವುದು ನನ್ನ ಪಿಂಚಣಿಗೆ ಆಗದ ಮಾತು.

ಇಷ್ಟು ಹೇಳಿದ ಮೇಲೆ ಅಕ್ಕ ಯಾರೆಂಬುದನ್ನೂ ಹೇಳಬೇಕು. ನಮ್ಮಪ್ಪ ತೀರಿಕೊಂಡಾಗ ನನಗೆ ಹದಿನಾರು. ಗಂಡನನ್ನು ಕಳೆದುಕೊಂಡ ಅಕ್ಕ ಕೈಗೂಸನ್ನೆತ್ತಿಕೊಂಡು ಅದಾಗಲೇ ತವರಿಗೆ ಬಂದಿದ್ದಳು. ನಾವು ಹಳ್ಳಿ ಬಿಟ್ಟು ದೊಡ್ಡಬಳ್ಳಾಪುರಕ್ಕೆ ಬಂದೆವು. ಮಗ್ಗದ ಊರಿದು, ಓಡಾಡುವ ಕೈಗೆ ಕೂಳಿಗೆ ಕೊರತೆಯಿಲ್ಲ. ಅಕ್ಕ ಮಗ್ಗದವರ ಮನೆಯಲ್ಲಿ ರೇಷ್ಮೆಯ ಕಂಡಿಕೆ ಸುತ್ತುವ ಕೆಲಸಕ್ಕೆ ಕೂತಳು. ಬೆಳಗಿನಿಂದ ಸಂಜೆಯವರೆಗೆ ಕೂದಲಿಗಿಂತ ಸಣ್ಣ ಎಳೆ. ಹರಿದರೆ ಹುಡುಕಿ ಗಂಟು ಹಾಕಬೇಕು. ಆ ಕಂಡಿಕೆಯ ದುಡ್ಡಿನಲ್ಲಿ ನನ್ನ ಬಿ.ಎ. ಆಯಿತು, ಬಿ.ಎಡ್. ಆಯಿತು. ಕಣ್ಣು ಹೋದದ್ದು ಆ ಕೆಲಸದಿಂದಲ್ಲ, ವಯಸ್ಸಿನಿಂದ ಎಂದು ವೈದ್ಯರು ನನಗೆ ಎರಡು ಸಲ ಬಿಡಿಸಿ ಹೇಳಿದ್ದಾರೆ. ನಾನು ಎರಡು ಸಲವೂ ತಲೆಯಾಡಿಸಿದ್ದೇನೆ.

ಕಾರು ಮನೆಗೆ ಬಂದ ಮಾರನೆಯ ದಿನ ಮೆಕ್ಯಾನಿಕ್ಕು ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು, "ಎಂಜಿನ್ ಗುಂಡುಕಲ್ಲು ಇದ್ದ ಹಾಗಿದೆ ಸಾರ್, ಟೈರು ಮಾತ್ರ ಬದಲಾಯಿಸಿಬಿಡಿ" ಎಂದ. ನಾನು ಬಗ್ಗಿ ನೋಡಿದೆ. ಮುಂದಿನವೆರಡು ಅಂಚಿನಲ್ಲಿ ಸವೆದು ನುಣ್ಣಗಾಗಿದ್ದುವು. ಹಿಂದಿನವೆರಡರಲ್ಲಿ ಬಟನ್ನು ಚೆನ್ನಾಗಿಯೇ ಇದ್ದಂತೆ ಕಂಡಿತು. ಹಾಗಾದರೆ ನಾಲ್ಕೇಕೆ, ಎರಡು ಸಾಲದೆ? ಎರಡಾದರೂ ಹೊಸವೇ ಏಕೆ? ಐವತ್ತೈದು ಸಾವಿರದ ಕಾರಿಗೆ ಹತ್ತು ಹನ್ನೆರಡು ಸಾವಿರದ ಟೈರು ಹಾಕುವುದೆಂದರೆ ಹಳೆಯ ಪಂಚೆಗೆ ಜರಿಯಂಚು ಹೊಲಿಸಿದ ಹಾಗಲ್ಲವೆ? ಈ ತರ್ಕ ನನಗೆ ಬಹಳ ಸಮಂಜಸವಾಗಿ ತೋರಿತು. ಜಿಪುಣತನಕ್ಕೆ ತರ್ಕದ ಬೆಂಬಲ ದೊರೆತಷ್ಟು ಸುಲಭವಾಗಿ ಬೇರೆ ಯಾವ ಗುಣಕ್ಕೂ ದೊರೆಯುವುದಿಲ್ಲ.

ಹಳೆಯ ಟೈರು ಮಾರುವ ಅಂಗಡಿಯೊಂದಿದೆಯೆಂದು ಯಾರೋ ಹೇಳಿದರು. ಊರಿನ ಹೆಸರೂ ಅಂಗಡಿಯ ಹೆಸರೂ ಇಲ್ಲಿ ಬೇಡ. ಅಲ್ಲಿ ಟೈರುಗಳು ಬಳೆಗಾರನ ಮಲಾರದಂತೆ ಕಂಬಿಗೆ ಸಾಲಾಗಿ ಪೋಣಿಸಿಕೊಂಡಿದ್ದುವು. ಎಲ್ಲವೂ ಮಿರಿಮಿರಿ ಮಿಂಚುವ ಕಪ್ಪು. "ಷೋರೂಮಿನ ಮಾಲು ಸ್ವಾಮಿ, ಹೊಸ ಕಾರು ತೆಗೆದುಕೊಂಡವರು ಬೇಡವೆಂದು ಬಿಚ್ಚಿ ಹಾಕಿದ್ದು" ಎಂದ ಅಂಗಡಿಯಾತ. ಉಗುರು ಹಾಕಿ ನೋಡಿದೆ. ಗೆರೆಗಳು ಆಳವಾಗಿಯೇ ಇದ್ದುವು. ಒಂದಕ್ಕೆ ಸಾವಿರದ ಇನ್ನೂರು ಎಂದದ್ದನ್ನು ಒಂಬೈನೂರಕ್ಕೆ ಇಳಿಸಿದಾಗ ನನಗಾದ ಸಂತೋಷ, ಮೊದಲ ಬಾರಿಗೆ ಸಂಬಳ ಎಣಿಸಿದಾಗಲೂ ಆಗಿರಲಿಲ್ಲ. ಎರಡನ್ನೂ ಮುಂದಕ್ಕೆ ಹಾಕಿಸಿಕೊಂಡು ಮನೆಗೆ ಬಂದೆ.

ಅಕ್ಕ ಜಗುಲಿಯ ಮೇಲೆ ಕೂತಿದ್ದಳು. ಸದ್ದು ಕೇಳಿ, "ಟೈರು ಹಾಕಿಸಿದೆಯೇನೋ?" ಎಂದಳು.

"ಹಾಕಿಸಿದೆ ಅಕ್ಕ."

"ಹೊಸದೇ ತಾನೆ?"

"ಹೊಸದೇ" ಎಂದೆ.

ಅವಳು ಇನ್ನೇನೂ ಕೇಳಲಿಲ್ಲ. ಕಣ್ಣಿದ್ದವರಿಗೆ ಸುಳ್ಳು ಹೇಳುವುದಕ್ಕೆ ಧೈರ್ಯ ಬೇಕು; ಕಾಣದವರಿಗೆ ಹೇಳುವುದಕ್ಕೆ ಅದೂ ಬೇಡ. ಹಾಗೆಂದು ಈಗ ಬರೆಯುತ್ತಿದ್ದೇನೆಯೇ ಹೊರತು ಆಗ ನನಗೆ ಏನೂ ಅನ್ನಿಸಲಿಲ್ಲ.

ಮೊದಲ ತಿಂಗಳು ಹೋಗಿ ಬಂದೆವು. ಎರಡನೆಯ ತಿಂಗಳು, ರಾಜಾನುಕುಂಟೆ ಇನ್ನೂ ಮುಂದಿರುವಾಗಲೇ ಸ್ಟಿಯರಿಂಗು ಕೈಯಲ್ಲಿ ಚಳಿ ಹಿಡಿದವನಂತೆ ನಡುಗತೊಡಗಿತು. ರಸ್ತೆಯ ದೋಷವೆಂದುಕೊಂಡೆ. ರಸ್ತೆ ನುಣ್ಣಗಾಯಿತು, ನಡುಕ ನಿಲ್ಲಲಿಲ್ಲ. ಎಡಗಡೆಯಿಂದ ದಬ್ ದಬ್ ಎಂದು, ಯಾರೋ ಒನಕೆಯಲ್ಲಿ ಮೆಲ್ಲಗೆ ಕುಟ್ಟಿದಂತೆ ಸದ್ದು. ನಾನು ಸಹಜವಾಗಿಯೇ ಐವತ್ತರ ಮೇಲೆ ಓಡಿಸುವವನಲ್ಲ. ಅದು ನನ್ನ ಪುಣ್ಯ. ಪಕ್ಕಕ್ಕೆ ನಿಲ್ಲಿಸಿದೆ. ನೂರು ಗಜದಲ್ಲಿ ಒಂದು ಪಂಕ್ಚರ್ ಅಂಗಡಿ. ಹೊಂಗೆಯ ಮರಕ್ಕೆ ತೂಗುಹಾಕಿದ ಹಳೆಯ ಟೈರೇ ಅದರ ನಾಮಫಲಕ.

ಅಂಗಡಿಯಾತ ಕೇರಳದ ಕಡೆಯವನು. ನಮ್ಮ ಹೆದ್ದಾರಿಗಳ ಪಂಕ್ಚರನ್ನೆಲ್ಲ ಆ ಕಡೆಯವರು ಎಷ್ಟು ಕಾಲದಿಂದ ಹಚ್ಚುತ್ತಿದ್ದಾರೋ! ಬಂದವನು ಏನೂ ಮಾತನಾಡದೆ ಎಡಗಡೆಯ ಮುಂದಿನ ಟೈರಿನ ಮೇಲೆ ಅಂಗೈ ಆಡಿಸಿದ, ವೈದ್ಯರು ಹೊಟ್ಟೆ ಮುಟ್ಟಿ ನೋಡುವ ಹಾಗೆ. ಟೈರಿನ ಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಎದ್ದಿತ್ತು. ಗಾಲಿ ಬಿಚ್ಚಿ, ಟೈರು ಕಳಚಿ, ಒಳಗೆ ಬೆರಳು ತೂರಿಸಿ ನನ್ನನ್ನು ಕರೆದ. ಒಳಗೆ ನೂಲಿನ ಎಳೆಗಳು ಹರಿದು ಹಿಂಜಿಕೊಂಡು ನಿಂತಿದ್ದುವು. "ಸಾರ್, ಇದು ಹೊಸ ಗೆರೆ ಅಲ್ಲ. ಬಿಸಿ ಬ್ಲೇಡಿನಲ್ಲಿ ಕೊರೆದದ್ದು. ಹಳೆ ಬಟನ್ ಪೂರಾ ಹೋಗಿತ್ತು. ಆಮೇಲೆ ಕಪ್ಪು ಪಾಲಿಷ್" ಎಂದ. ಗೆರೆಯ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಣ್ಣೆಗಳಿರಬೇಕಂತೆ; ಟೈರು ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂತೆಂದರೆ ಉಳಿದದ್ದು 1.6 ಮಿಲಿಮೀಟರ್ ಮಾತ್ರ, ಅಲ್ಲಿಗೆ ಅದರ ಕಾಲ ಮುಗಿಯಿತೆಂದು ಕಾಯಿದೆಯ ಮಾತು. ನನ್ನ ಟೈರಿನಲ್ಲಿ ಕೊರೆದವನು ಆ ದಿಣ್ಣೆಗಳನ್ನೂ ಸೇರಿಸಿ ಕೊರೆದಿದ್ದ. ಲಾರಿಯ ಕೆಲವು ಟೈರುಗಳನ್ನು ಹೀಗೆ ಮತ್ತೊಮ್ಮೆ ಕೊರೆಯಲೆಂದೇ ದಪ್ಪ ತಳವಿಟ್ಟು ಮಾಡುತ್ತಾರೆ, ಪಕ್ಕೆಯ ಮೇಲೆ ಹಾಗೆಂದು ಬರೆದೂ ಇರುತ್ತಾರೆ. ಕಾರಿನ ಟೈರಿಗೆ ಆ ದಪ್ಪವಿಲ್ಲ. ಕೊರೆದರೆ ಉಳಿಯುವುದು ಎಳೆಯ ಮೇಲಿನ ತೆಳ್ಳನೆಯ ಹೊದಿಕೆಯಷ್ಟೆ.

ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ಎಷ್ಟು ಮಕ್ಕಳಿಂದ ವಿಸ್ತರಿಸಿ ಬರೆಸಿದ್ದೇನೋ! ಕರ್ರಗಿರುವುದೆಲ್ಲ ಹೊಸತಲ್ಲವೆಂದು ನನಗೆ ಯಾರೂ ಬರೆಸಿರಲಿಲ್ಲ.

"ಈ ಟೈರಲ್ಲಿ ಹಿಂದೆ ಅಮ್ಮನನ್ನು ಕೂರಿಸಿಕೊಂಡು ಬಂದಿರಾ?" ಎಂದ ಅವನು. ಕಾರಿನೊಳಗೆ ಕೂತಿದ್ದ ಅಕ್ಕನಿಗೆ ಎಲ್ಲವೂ ಕೇಳಿಸುತ್ತಿತ್ತು. ಕಣ್ಣು ಕಡಿಮೆಯಾದ ಮೇಲೆ ಅವಳ ಕಿವಿ ಚುರುಕು. ಸ್ಟೆಪ್ನಿ ಹಾಕಿಕೊಟ್ಟು, ಮೂವತ್ತರ ಮೇಲೆ ಹೋಗಬೇಡಿ, ಬೆಂಗಳೂರಿಗಂತೂ ಬೇಡವೇ ಬೇಡ, ಮನೆಗೆ ಹಿಂದಿರುಗಿ ಎಂದ. ಅಲ್ಲೇ ಒಂದು ಜೊತೆ ಹಳೆಯ ಟೈರು ಮಾರಿ ನಾಲ್ಕು ಕಾಸು ಮಾಡಿಕೊಳ್ಳಬಹುದಾಗಿತ್ತು ಅವನು; ನಾನೇ ಕೇಳಿದರೂ ಕೊಡಲಿಲ್ಲ.

ಹಿಂದಿರುಗಿದೆವು. ಆಸ್ಪತ್ರೆಗೆ ಫೋನು ಮಾಡಿದರೆ ಒಂದು ವಾರ ಬಿಟ್ಟು ಬನ್ನಿ ಎಂದರು. ದಾರಿಯಲ್ಲಿ ಅಕ್ಕ ಆಡಿದ್ದು ಒಂದೇ ಮಾತು: "ಹೋಗಲಿ ಬಿಡೋ, ದುಡ್ಡು ಮುಗ್ಗಟ್ಟಿತ್ತೇನೋ. ನನ್ನ ಹತ್ತಿರ ಕೇಳಿದ್ದರೆ ಕೊಡುತ್ತಿದ್ದೆ." ಬೈದಿದ್ದರೆ ಚೆನ್ನಾಗಿತ್ತು. ದುಡ್ಡು ನನ್ನ ಬಳಿ ಇರಲಿಲ್ಲವೆಂದಲ್ಲ, ಇತ್ತು. ಅದನ್ನು ಅವಳಿಗೆ ಹೇಳುವ ಹಾಗಿರಲಿಲ್ಲ.

ಆ ರಾತ್ರಿ ಸೋದರಳಿಯನಿಗೆ ಫೋನು ಮಾಡಿದೆ. ಅಕ್ಕ ಕೈಗೂಸಾಗಿ ಎತ್ತಿಕೊಂಡು ಬಂದವನೇ ಅವನು. ಈಗ ನೆಲಮಂಗಲದಲ್ಲಿ ಎರಡು ಲಾರಿಗಳ ಒಡೆಯ. ಹಾಸನ ಮಂಗಳೂರಿನ ದಾರಿಯೂ ತುಮಕೂರು ಪುಣೆಯ ದಾರಿಯೂ ಕವಲೊಡೆಯುವ ಊರು ನೆಲಮಂಗಲ. ಅಲ್ಲಿನವರಿಗೆ ಟೈರೆಂದರೆ ನಮ್ಮ ಊರಿನವರಿಗೆ ರೇಷ್ಮೆಯಿದ್ದಂತೆ, ಮುಟ್ಟಿದರೆ ಗುಣ ಗೊತ್ತು. ಅವನು ಕೇಳಿದ ಮೊದಲ ಪ್ರಶ್ನೆ, "ಮಾವ, ಟೈರಿನ ಹಲ್ಲು ನೋಡಿದಿರಾ?"

ಎಂಥ ಹಲ್ಲು ಎಂದೆ. ಟಾರ್ಚು ತೆಗೆದುಕೊಂಡು ಹೋಗಿ ಹಿಂದಿನ ಟೈರಿನ ಪಕ್ಕೆಯಲ್ಲಿ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇದೆಯೇ ನೋಡಿ ಎಂದ. ಮೊಣಕಾಲೂರಿ ಹುಡುಕಿದೆ. 1513 ಎಂದಿತ್ತು. "ಅಂದರೆ 2013ನೇ ಇಸವಿಯ ಹದಿನೈದನೇ ವಾರ. ಏಪ್ರಿಲ್ ತಿಂಗಳಲ್ಲಿ ಹುಟ್ಟಿದ್ದು. ಹನ್ನೆರಡು ವರ್ಷ ದಾಟಿತು ಮಾವ. ಬಟನ್ ಎಷ್ಟಿದ್ದರೇನು?" ಎಂದ.

ನನಗೆ ಥಟ್ಟನೆ ಘಾಟಿಯ ದನಗಳ ಜಾತ್ರೆ ನೆನಪಾಯಿತು. ಪುಷ್ಯಮಾಸದ ಚಳಿಯಲ್ಲಿ, ಘಾಟಿ ಸುಬ್ರಹ್ಮಣ್ಯದ ಬಯಲಿನಲ್ಲಿ ಹಳ್ಳಿಕಾರ್ ಎತ್ತುಗಳ ಸಾಲು. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಮೈಗೆ ಎಣ್ಣೆ ನೀವಿದ ಹೊಳಪು. ನಾನು ಚಿಕ್ಕ ಹುಡುಗ, ಅಪ್ಪನ ಹೆಗಲ ಮೇಲಿನ ಟವಲಿನ ತುದಿ ಹಿಡಿದು ನಡೆಯುತ್ತಿದ್ದೆ. ಹೊಳಪಿಗೆ ಅಪ್ಪ ಮರುಳಾಗುತ್ತಿರಲಿಲ್ಲ. ನೆಟ್ಟಗೆ ಹೋಗಿ ಎತ್ತಿನ ಮೂಗುದಾರ ಹಿಡಿದು, ತುಟಿ ಸರಿಸಿ ಹಲ್ಲು ನೋಡುತ್ತಿದ್ದ. ಹಾಲುಹಲ್ಲೇ, ಎರಡು ಹಲ್ಲೇ, ನಾಲ್ಕೇ, ಆರೇ, ಬಾಯಿಗೂಡಿದೆಯೇ? ಎಂಟು ಹಲ್ಲು ಬಂದು ಬಾಯಿಗೂಡಿದ ಮೇಲೆ ವಯಸ್ಸು ಹೇಳುವುದು ಕಷ್ಟ. ಅಲ್ಲಿ ಸವೆತ ನೋಡಬೇಕು. ಆಮೇಲೆ ಸುಳಿ ನೋಡುವುದು, ನಡೆಸಿ ನೋಡುವುದು, ಕೊನೆಗೆ ಟವಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ. "ಮೈ ಮಾರುವವನದು ಮಗಾ, ಹಲ್ಲು ದೇವರದು" ಎಂದು ಅಪ್ಪ ಒಮ್ಮೆ ಹೇಳಿದ್ದ. ಅಂಥವನ ಮಗ, ಟೈರಿನ ಮೈ ನೋಡಿ ಬೆರಗಾಗಿ ಒಂಬೈನೂರಕ್ಕೆ ಮೋಸಹೋದೆ!

ಅಳಿಯ ಹೇಳಿದ್ದನ್ನು ಆಮೇಲೆ ನಾನೂ ಓದಿ ತಿಳಿದುಕೊಂಡೆ. ರಬ್ಬರು ಓಡಿದರೆ ಮಾತ್ರ ಸವೆಯುವುದೆಂಬುದು ತಪ್ಪು. ಗಾಳಿಯ ಆಮ್ಲಜನಕವೂ ಓಜೋನೂ ಅದನ್ನು ಹಗಲಿರುಳು ತಿನ್ನುತ್ತಿರುತ್ತವೆ. ಅದಕ್ಕೆಂದೇ ಟೈರು ಮಾಡುವಾಗ ರಬ್ಬರಿನಲ್ಲಿ ಒಂದು ಬಗೆಯ ಮೇಣ ಬೆರೆಸಿರುತ್ತಾರೆ. ಗಾಲಿ ಉರುಳಿ ಪಕ್ಕೆ ಬಾಗಿ ಬಳುಕಿದಾಗ ಆ ಮೇಣ ಒಳಗಿನಿಂದ ಮೇಲಕ್ಕೆ ಬಂದು ಮೈಗೆ ಹಚ್ಚಿಕೊಳ್ಳುತ್ತದೆ. ನಿಂತೇ ಇರುವ ಗಾಡಿಯಲ್ಲಿ ಅದು ಮೇಲೆ ಬರುವುದಿಲ್ಲ. ಪಕ್ಕೆಯ ಮೇಲೆ ಬೇಸಗೆಯ ಕೆರೆಯಂಗಳದಂತೆ ಬಿರುಕು ಮೂಡುತ್ತದೆ. ದೇವಸ್ಥಾನಕ್ಕಷ್ಟೇ ಹೋಗಿಬರುತ್ತಿದ್ದ ಕಾರೆಂದು ನಾನು ಹಿಗ್ಗಿದ್ದೆನಲ್ಲ, ಅದೇ ಅದರ ಟೈರಿಗೆ ಮುಳುವಾಗಿತ್ತು. ಐದು ವರ್ಷ ಕಳೆದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಿ, ಹತ್ತಾದರೆ ಹೇಗೆ ಕಂಡರೂ ತೆಗೆದುಹಾಕಿ ಎಂಬುದು ಹಲವು ಟೈರು ಕಂಪನಿಗಳೇ ಹೇಳುವ ಮಾತು. ನಿವೃತ್ತರಾದವರಿಗೆ ಇದು ಓದಲು ಅಷ್ಟು ಹಿತವಾದ ವಿಷಯವಲ್ಲ.

ಇನ್ನು ಸ್ಟೆಪ್ನಿ. ಆ ಟೈರಿನ ಮೇಲೆ ಅಚ್ಚಿನಿಂದ ಬಂದ ರಬ್ಬರಿನ ಕೂದಲುಗಳು ಹಾಗೆಯೇ ನಿಂತಿದ್ದುವು. ಒಂದು ದಿನವೂ ರಸ್ತೆ ಕಂಡದ್ದಲ್ಲ. ಹಲ್ಲು ನೋಡಿದರೆ 2009. ಮುಖದಲ್ಲಿ ಮದುವಣಿಗ, ಜಾತಕದಲ್ಲಿ ಅಜ್ಜ. ಸ್ಟೆಪ್ನಿ ಎಂಬ ಮಾತೂ ಹಾಗೆಯೇ. ವೇಲ್ಸ್ ದೇಶದ ಲಾನೆಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಸಹೋದರರು 1904ರ ಹೊತ್ತಿಗೆ ಮೋಟಾರಿಗೆ ಬಿಡಿಗಾಲಿಯೊಂದನ್ನು ಮಾಡಿ ಮಾರಿದರು. ಬೀದಿಯ ಹೆಸರೇ ಗಾಲಿಗಾಯಿತು. ಇಂಗ್ಲೆಂಡಿನವರು ಆ ಹೆಸರನ್ನು ಎಂದೋ ಮರೆತರು. ನೆಲಮಂಗಲದ ಕ್ಲೀನರ್ ಹುಡುಗ ಇಂದಿಗೂ ಅದನ್ನು ನೆನೆಯುತ್ತಿದ್ದಾನೆ.

ಗಾಳಿ ತುಂಬಿದ ಟೈರಿನ ಕತೆಯೂ ನಮ್ಮ ಎತ್ತಿಗೆ ದೂರದ್ದಲ್ಲ. ಅದನ್ನು 1845ರಲ್ಲಿ ಥಾಮ್ಸನ್ ಎಂಬ ಸ್ಕಾಟ್ಲೆಂಡಿನವನು ಮೊದಲು ಯೋಚಿಸಿದನಾದರೂ ಬಳಕೆಗೆ ಬಂದದ್ದು 1888ರ ಈಚೆಗೆ, ಜಾನ್ ಬಾಯ್ಡ್ ಡನ್‌ಲಪ್ಪನಿಂದ. ಬೆಲ್‌ಫಾಸ್ಟ್ ನಗರದಲ್ಲಿದ್ದ ಈತ ವೃತ್ತಿಯಿಂದ ದನಕರುಗಳ ವೈದ್ಯ. ಮಗನ ಮೂರು ಗಾಲಿಯ ಸೈಕಲ್ಲು ಕಲ್ಲುಹಾಸಿನ ಮೇಲೆ ಕುಲುಕುವುದನ್ನು ನೋಡಲಾರದೆ ಗಾಲಿಗೆ ರಬ್ಬರಿನ ಕೊಳವೆ ಸುತ್ತಿ ಗಾಳಿ ತುಂಬಿದ. ಆ ಪಶುವೈದ್ಯನ ಗಾಳಿಗಾಲಿ ಮೋಟಾರುಗಳನ್ನೆಲ್ಲ ಸುತ್ತಿ, ಕೊನೆಗೆ ನಮ್ಮ ಹಳ್ಳಿಯ ಎತ್ತಿನ ಗಾಡಿಗೂ ಬಂತು. ಅದಕ್ಕೆ ಮುಂಚೆ ನಮ್ಮ ಗಾಡಿಯ ಮರದ ಗಾಲಿಗೆ ಕಬ್ಬಿಣದ ಪಟ್ಟಿ. ಕಮ್ಮಾರ ಅದನ್ನು ಕೆಂಪಗೆ ಕಾಯಿಸಿ ಗಾಲಿಗೆ ತೊಡಿಸಿ ನೀರು ಹೊಯ್ದರೆ ಚುಂಯ್ ಎಂದು ಬಿಗಿದುಕೊಳ್ಳುತ್ತಿತ್ತು. ಅಪ್ಪ ಸಾಯುವ ಮೊದಲು ತಂದ ಕೊನೆಯ ಗಾಡಿ ಡನ್‌ಲಪ್ ಗಾಡಿ. ಎತ್ತುಗಳಿಗೆ ಅರ್ಧ ಭಾರ ಇಳಿಯಿತು ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದ. ತನಗೆ ಹೊಸ ಜೋಡು ಕೊಳ್ಳಲು ಹತ್ತು ವರ್ಷ ಯೋಚಿಸುತ್ತಿದ್ದವನು ಎತ್ತಿನ ಲಾಳಕ್ಕೆ, ಗಾಡಿಯ ಕೀಲಿಗೆ ಎಂದೂ ಚೌಕಾಶಿ ಮಾಡಿದವನಲ್ಲ. ಅದು ಆಗ ನನ್ನ ಗಮನಕ್ಕೆ ಬಂದಿರಲಿಲ್ಲ.

ಭಾನುವಾರ ಅಳಿಯ ಬಂದು, ಬಲಗಡೆಯ ಕೊರೆದ ಟೈರನ್ನೂ ನೋಡಿ ತಲೆ ಚಚ್ಚಿಕೊಂಡು, ತನ್ನ ಪರಿಚಯದವರಿಂದ ಎರಡು ಗಾಲಿ ಎರವಲು ತಂದು ಹಾಕಿ, ನಿಧಾನವಾಗಿ ಮಧುರೆಯ ಮೇಲೆ ನೆಲಮಂಗಲಕ್ಕೆ ಗಾಡಿ ನಡೆಸಿಕೊಂಡು ಹೋದ. ಅಂಗಡಿಯಲ್ಲಿ ಗೋಡೆಯೆತ್ತರಕ್ಕೆ ಲಾರಿ ಟೈರುಗಳು. ನಮ್ಮ ಹನ್ನೆರಡಂಗುಲದ ರಿಮ್ಮಿನ ಟೈರು ಅವುಗಳ ನಡುವೆ ತೊಟ್ಟಿಲ ಕೂಸಿನಂತೆ ಕಂಡಿತು. ಮಾರುತಿ 800 ತಯಾರಾಗುವುದು 2014ರಲ್ಲೇ ನಿಂತದ್ದರಿಂದ ಈ ಅಳತೆ ಇಡುವವರೂ ಕಡಿಮೆಯಾಗಿದ್ದಾರೆ.

ಟೈರಿನ ಪಕ್ಕೆಯ ಬರಹವನ್ನು ಅಲ್ಲಿಯವರೆಗೆ ನಾನು ಮಂತ್ರಾಕ್ಷರವೆಂದೇ ತಿಳಿದಿದ್ದೆ. ಅಂಗಡಿಯ ಹಿರಿಯರು ಅನ್ವಯ ಮಾಡಿ ಹೇಳಿದರು. 145/70 ಆರ್ 12 ಎಂದರೆ ಅಗಲ 145 ಮಿಲಿಮೀಟರ್. ಪಕ್ಕೆಯ ಎತ್ತರ ಆ ಅಗಲದಲ್ಲಿ ನೂರಕ್ಕೆ ಎಪ್ಪತ್ತು. ಕೂರುವ ರಿಮ್ಮು ಹನ್ನೆರಡು ಇಂಚು. ಆರ್ ಎಂದರೆ ರೇಡಿಯಲ್. ಒಳಗಿನ ಎಳೆಗಳು ಓರೆಯಾಗಿ ಹೆಣೆದುಕೊಳ್ಳದೆ ಒಂದು ಅಂಚಿನಿಂದ ಇನ್ನೊಂದಕ್ಕೆ ನೇರವಾಗಿ ಹಾಸಿರುವುದು. 1946ರಲ್ಲಿ ಫ್ರಾನ್ಸಿನ ಮಿಷಲಿನ್ ಕಂಪನಿಯವರು ಹಕ್ಕು ಪಡೆದ ವಿದ್ಯೆ ಇದು. ಅದರ ಮುಂದೆ 69 ಎಂದಿದ್ದರೆ ಒಂದು ಟೈರು ಹೊರಬಲ್ಲ ಭಾರ 325 ಕಿಲೋ. ಎಸ್ ಎಂದಿದ್ದರೆ ತಾಳಬಲ್ಲ ವೇಗ ಗಂಟೆಗೆ 180 ಕಿಲೋಮೀಟರ್. ಐವತ್ತರ ಮೇಲೆ ಹೋಗದ ನನಗೆ ಕೊನೆಯ ಅಕ್ಷರದ ಹಂಗಿಲ್ಲ. ಸಮಾಸವನ್ನು ಬಿಡಿಸಿದ ಹಾಗೆ ಬಿಡಿಸಿದರೆ ಎಲ್ಲವೂ ಸುಲಭ.

ಅಲ್ಲಿದ್ದ ಹುಡುಗನೊಬ್ಬ, "ಸ್ವಲ್ಪ ಅಗಲದ್ದು ಹಾಕಿ ಸಾರ್, ಗ್ರಿಪ್ಪು ಜಾಸ್ತಿ, ನೋಡಲೂ ಚೆಂದ" ಎಂದ. ಪವರ್ ಸ್ಟಿಯರಿಂಗಿಲ್ಲದ ಗಾಡಿ, ಮಾವನ ತೋಳು ಬೀಳುತ್ತದೆ, ಕಂಪನಿ ಕೊಟ್ಟ ಅಳತೆಯೇ ಇರಲಿ ಎಂದು ಅಳಿಯ ಗದರಿದ. ಆಮೇಲೆ ಬಂದದ್ದು ನನ್ನ ಹಳೆಯ ಪ್ರಶ್ನೆ: ಎರಡು ಸಾಲದೆ? ಸಾಲದು, ಹಾಗೊಮ್ಮೆ ಎರಡೇ ಎಂದರೆ ಹಿಂದಕ್ಕೆ ಹಾಕಿ ಎಂದರು ಹಿರಿಯರು. ಎಳೆಯುವುದೂ ತಿರುಗುವುದೂ ಮುಂದಿನ ಗಾಲಿಯಲ್ಲವೆ ಎಂದು ನಾನು ವಾದಿಸಿದೆ. ಅವರು ನಕ್ಕು, "ಮಳೆಯಲ್ಲಿ ಮುಂದಿನ ಗಾಲಿ ಜಾರಿದರೆ ಕೈಗೆ ಗೊತ್ತಾಗುತ್ತದೆ, ವೇಗ ಇಳಿಸುತ್ತೀರಿ. ಹಿಂದಿನದು ಜಾರಿದರೆ ಗಾಡಿಯೇ ಬುಗುರಿ ತಿರುಗಿದ ಹಾಗೆ ತಿರುಗುತ್ತದೆ, ಕೈಯಲ್ಲಿ ಏನೂ ಇರುವುದಿಲ್ಲ. ಹಿಂದೆ ಯಾರು ಕೂರುತ್ತಾರೆ?" ಎಂದರು.

"ಅಮ್ಮ" ಎಂದ ಅಳಿಯ.

ಅಲ್ಲಿಗೆ ನಾಲ್ಕೆಂದಾಯಿತು. ಅಳಿಯ ಐದು ಎಂದ. ಸ್ಟೆಪ್ನಿಗೆ ಹೊಸದೇಕೆ ಎನ್ನುವ ಮಾತು ನನ್ನ ನಾಲಗೆಯ ತುದಿಗೆ ಬಂತು. ಆ ದಿನ ಮನೆ ತಲುಪಿಸಿದ್ದು ಆ ಐದನೆಯದೇ ಎಂಬುದು ನೆನಪಾಗಿ ನುಂಗಿಕೊಂಡೆ. ತಂದಿಟ್ಟ ಮೊದಲ ಜೊತೆಯ ಹಲ್ಲು ನೋಡಿದರೆ ಮೂರು ವರ್ಷದ ಹಿಂದಿನದು. ಅದಕ್ಕೆ ಬೆಲೆ ಕಡಿಮೆ ಮಾಡುತ್ತೇವೆ ಎಂದರು. ನನ್ನ ಕಿವಿ ನೆಟ್ಟಗಾದದ್ದನ್ನು ನೋಡಿ ಅಳಿಯ, "ಬೇಡಿ ಮಾವ, ನೀವು ವರ್ಷಕ್ಕೆ ಓಡಿಸುವುದು ನಾಲ್ಕು ಸಾವಿರ ಕಿಲೋಮೀಟರ್. ನಿಮ್ಮ ಟೈರು ಸವೆದು ಸಾಯುವುದಿಲ್ಲ, ಮುದಿಯಾಗಿ ಸಾಯುತ್ತದೆ. ನಿಮಗೆ ಬೇಕಾದ್ದು ಎಳೇದು" ಎಂದ. ಕೊನೆಗೆ 2025ರ ಜುಲೈ ತಿಂಗಳಲ್ಲಿ ಹುಟ್ಟಿದ ಐದು ಸೋದರರು ಸಿಕ್ಕವು. ಯಾವ ಕಂಪನಿಯದೆಂದು ಹೇಳಿದರೆ ಜಾಹೀರಾತಾದೀತು. ಸರಿಯಾದ ಅಳತೆ, ಎಳೆಯ ವಯಸ್ಸು, ಬಿಲ್ಲು ಕೊಡುವ ಅಂಗಡಿ, ಈ ಮೂರಿದ್ದರೆ ಹೆಸರು ನಾಲ್ಕನೆಯದು ಎಂದರು ಹಿರಿಯರು. ಸೆಪ್ಟೆಂಬರ್ 22ರಿಂದ ಟೈರಿನ ತೆರಿಗೆ ನೂರಕ್ಕೆ 28ರಿಂದ 18ಕ್ಕೆ ಇಳಿದಿದ್ದುದು ಒಂದು ಸಮಾಧಾನ. ಆದರೂ ಎಲ್ಲ ಸೇರಿ ಹದಿನಾರು ಸಾವಿರದ ಮೇಲಾಯಿತು. ಕೊಡುವಾಗ ಕೈ ನಡುಗಲಿಲ್ಲವೆಂದರೆ ಇನ್ನೊಂದು ಸುಳ್ಳಾದೀತು.

ರಿಮ್ಮಿನ ತುಕ್ಕನ್ನು ತಂತಿಯ ಬ್ರಷ್ಷಿನಿಂದ ಉಜ್ಜಿದರು; ತುಕ್ಕಿದ್ದರೆ ಟ್ಯೂಬಿಲ್ಲದ ಟೈರಿನ ಗಾಳಿ ಅಂಚಿನಿಂದ ಸೋರುತ್ತದಂತೆ. ಹೊಸ ವಾಲ್ವು ಹಾಕಿದರು. ಯಂತ್ರದ ಮೇಲೆ ಗಾಲಿ ತಿರುಗಿಸಿ, ಹಗುರವಿದ್ದ ಕಡೆ ಅಂಚಿಗೆ ಹುಣಿಸೆಬೀಜದಷ್ಟು ತೂಕ ಸಿಕ್ಕಿಸಿ ಸಮ ಮಾಡಿದರು. ಹಳೆಯ ಮುಂದಿನ ಟೈರುಗಳು ಒಂದೇ ಅಂಚಿನಲ್ಲಿ ಸವೆದಿದ್ದವು ಎಂದು ನಾನು ಹೇಳಿದ್ದಕ್ಕೆ, ಗಾಲಿಗಳು ಒಂದಕ್ಕೊಂದು ಮುಖ ತಿರುಗಿಸಿಕೊಂಡಿವೆಯೆಂದು ಅವುಗಳನ್ನು ನೆಟ್ಟಗೆ ನಿಲ್ಲಿಸಿದರು. ಗಾಳಿ ಹೆಚ್ಚಾದರೆ ನಡುವೆ ಸವೆತ, ಕಡಿಮೆಯಾದರೆ ಎರಡೂ ಅಂಚು ಸವೆತ, ಒಂದೇ ಅಂಚು ಸವೆದರೆ ದಿಕ್ಕಿನ ದೋಷ. ಟೈರು ತನ್ನ ಕಷ್ಟವನ್ನು ಮೈಮೇಲೆ ಬರೆದುಕೊಂಡಿರುತ್ತದೆ, ಓದುವವರು ಬೇಕು. ನೈಟ್ರೋಜನ್ ಗಾಳಿ ಬೇಕೇ ಎಂದು ಹುಡುಗ ಕೇಳಿದ. ದೇವರು ಕೊಟ್ಟ ಗಾಳಿಯಲ್ಲೇ ನೂರಕ್ಕೆ 78 ಭಾಗ ಅದಿದೆ, ಉಳಿದ 22ಕ್ಕೆ ದುಡ್ಡು ಕೊಡಲಾರೆ ಎಂದೆ. ನನ್ನ ಜಿಪುಣತನಕ್ಕೆ ಅಂದು ಸಿಕ್ಕ ನ್ಯಾಯವಾದ ಅವಕಾಶ ಅದೊಂದೇ.

ಕೊರೆದ ಟೈರುಗಳೆರಡನ್ನೂ ಮತ್ತೆ ಯಾರ ಗಾಡಿಗೂ ಹೋಗದಂತೆ ಅಂಗಡಿಯಲ್ಲೇ ಅಡ್ಡಡ್ಡ ಕತ್ತರಿಸಿ ಹಾಕಿಸಿದೆ.

ಮನೆಗೆ ಬಂದಾಗ ಸಂಜೆ. ಅಕ್ಕ ಜಗುಲಿಯಲ್ಲೇ ಇದ್ದಳು. "ಟೈರು ಹಾಕಿಸಿದೆಯೇನೋ?" ಎಂದು ಕೇಳಿದಳು. ಹಿಂದಿನ ಸಲದ ಪ್ರಶ್ನೆಯೇ, ಹಿಂದಿನ ಸಲದ ದನಿಯೇ.

"ಆವತ್ತು ನಾನು ನಿನಗೆ ಸುಳ್ಳು ಹೇಳಿದ್ದೆ ಅಕ್ಕ. ದುಡ್ಡೂ ಇತ್ತು" ಎಂದೆ.

"ಗೊತ್ತು ಕಣೋ" ಎಂದಳು. ಯಾವುದು ಗೊತ್ತು, ಯಾವಾಗ ಗೊತ್ತಾಯಿತು ಎಂದು ನಾನು ಕೇಳಲಿಲ್ಲ.

ಕೈ ಹಿಡಿದು ಕಾರಿನ ಬಳಿಗೆ ಕರೆದುಕೊಂಡು ಹೋದೆ. ಅವಳು ಮೆಲ್ಲಗೆ ಬಗ್ಗಿ, ಹಿಂದಿನ ಟೈರಿನ ಮೇಲೆ ಬೆರಳಿಟ್ಟಳು. ರೇಷ್ಮೆಯ ಹರಿದ ಎಳೆಯನ್ನು ಕತ್ತಲಲ್ಲೂ ಹುಡುಕಿ ಗಂಟು ಹಾಕುತ್ತಿದ್ದ ಬೆರಳು. ಹೊಸ ರಬ್ಬರಿನ ಮೇಲಿನ ಸಣ್ಣ ಸಣ್ಣ ಕೂದಲುಗಳು ಕೈಗೆ ತಾಗಿದುವು. "ಅಯ್ಯೋ, ಇದಕ್ಕೆ ಮೀಸೆ ಇದೆಯಲ್ಲೋ!" ಎಂದು ಹುಡುಗಿಯ ಹಾಗೆ ನಕ್ಕಳು. ಆ ನಾಲ್ಕಂಕಿಯ ಮೇಲೂ ಅವಳ ಬೆರಳನ್ನು ಆಡಿಸಿದೆ. ಉಬ್ಬಿದ ಅಂಕಿಗಳನ್ನು ಒಂದೊಂದಾಗಿ ಮುಟ್ಟಿ, ಇದೇನೆಂದು ಕೇಳಿದಳು.

"ಹಲ್ಲು" ಎಂದೆ.

"ಎಷ್ಟು ಹಲ್ಲಿನದೋ?"

"ಹಾಲುಹಲ್ಲು ಅಕ್ಕ, ಇನ್ನೂ ಬಿದ್ದಿಲ್ಲ."

ಅಪ್ಪ ಎತ್ತು ತಂದ ದಿನ ಮಾಡುತ್ತಿದ್ದ ಹಾಗೆ, ಅವಳು ಟೈರಿನ ಮೇಲೆ ಎರಡು ಸಲ ಅಂಗೈಯಿಂದ ತಟ್ಟಿದಳು. "ಬುಧವಾರ ಎಷ್ಟು ಹೊತ್ತಿಗೆ ಹೊರಡೋಣ?" ಎಂದು ಕೇಳಿ ಒಳಕ್ಕೆ ನಡೆದಳು.